ಒಂದೇ ರಾತ್ರಿಯನ್ನು ಎರಡು ಸಲ ಕೊಂಡೆ

ಹಳೆಯ ಜಾಝ್ ಸಿಡಿಗಳನ್ನು ಆನ್‌ಲೈನ್‌ನಲ್ಲಿ ತರಿಸುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ 'ಅಪರೂಪದ ಲೈವ್', 'ಮೊದಲ ಬಾರಿಗೆ ಸಿಡಿಯಲ್ಲಿ', '24 ಬಿಟ್ ರೀಮಾಸ್ಟರ್' ಅಂತ ಕಂಡ ಕೂಡಲೇ ಕೈ ತುರಿಸುವವರು. ನನ್ನದೂ ಅಂಥದೇ ಕೈ. ಆ ತುರಿಕೆಗೆ ಕಸ್ಟಮ್ಸ್ ಸುಂಕವೂ ಸೇರಿ 3,600 ರೂಪಾಯಿ ತೆತ್ತಿದ್ದೇನೆ.

ನನಗೆ ಹುಚ್ಚು ಹಿಡಿಸಿದ್ದು ಜಾನಿ ಗ್ರಿಫಿನ್ ಮತ್ತು ಎಡ್ಡಿ 'ಲಾಕ್‌ಜಾ' ಡೇವಿಸ್ ಜೋಡಿ. ಇಬ್ಬರದೂ ಟೆನರ್ ಸ್ಯಾಕ್ಸೊಫೋನ್. ನಮ್ಮ ಕಡೆ ಸ್ಯಾಕ್ಸೊಫೋನ್ ಅಂದರೆ ಕದ್ರಿ ಗೋಪಾಲನಾಥರ ಆಲ್ಟೊ ನೆನಪಾಗುತ್ತದೆ. ಟೆನರ್ ಅದಕ್ಕಿಂತ ದೊಡ್ಡದು, ಗಂಟಲು ದಪ್ಪ. ಶಿಕಾಗೋದ ಗ್ರಿಫಿನ್ ಆಳು ಕುಳ್ಳ, ನುಡಿಸಿದರೆ ಮಿಂಚು. ಡೇವಿಸ್ ಕೌಂಟ್ ಬೇಸಿ ತಂಡದಲ್ಲಿ ಪಳಗಿದವರು, ಒಂದೊಂದು ಸ್ವರವನ್ನೂ ಅಗಿದು ಉಗುಳುವ ಗತ್ತು. 1961ರ ಜನವರಿ 6ರಂದು ಇವರಿಬ್ಬರೂ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ನುಡಿಸಿದರು. 1940ರ ದಶಕದ ಶುರುವಿನಲ್ಲಿ ಥೆಲೋನಿಯಸ್ ಮಂಕ್ ಪಿಯಾನೋ ಮುಂದೆ ಕೂರುತ್ತಿದ್ದ, ಬೀಬಾಪ್ ಎಂಬ ವೇಗದ ಜಾಝ್ ಶೈಲಿ ಕಣ್ಣು ಬಿಟ್ಟ ಕ್ಲಬ್ ಅದು. ಜೊತೆಗೆ ಜೂನಿಯರ್ ಮ್ಯಾನ್ಸ್ ಪಿಯಾನೋ, ಲ್ಯಾರಿ ಗೇಲ್ಸ್ ಬಾಸ್, ಬೆನ್ ರೈಲಿ ಡ್ರಮ್ಸ್. ಜುಗಲ್‌ಬಂದಿ ಅನ್ನಿ, ಜಗಳಬಂದಿ ಅನ್ನಿ, ಎರಡೂ ಸರಿಯೇ. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನ್ಯೂಯಾರ್ಕಿನದೇ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಮಿಂಟನ್ಸ್‌ನ ಈ ರಾತ್ರಿಯನ್ನು ನೆನೆಯುವವರು ಕಮ್ಮಿ. ನನ್ನ ಪ್ರಕಾರ ಅದು ಅನ್ಯಾಯ. ಇರಲಿ.

ಪ್ರೆಸ್ಟೀಜ್ ಎಂಬ ರೆಕಾರ್ಡ್ ಕಂಪನಿ ಆ ಒಂದು ರಾತ್ರಿಯ ಟೇಪನ್ನು ನಾಲ್ಕು ಎಲ್‌ಪಿಗಳಿಗೆ ಹಂಚಿತು: 'ಟೆನರ್ ಸೀನ್', 'ಫಸ್ಟ್ ಸೆಟ್', 'ಮಿಡ್‌ನೈಟ್ ಶೋ', 'ಲೇಟ್ ಶೋ'. 'ಟೆನರ್ ಸೀನ್' ಸಿಡಿ ನನ್ನ ಹತ್ತಿರ ಮೊದಲೇ ಇತ್ತು. ಒಂದು ದಿನ ಒಬ್ಬ ವಿದೇಶಿ ಮಾರಾಟಗಾರನ ಪಟ್ಟಿಯಲ್ಲಿ 'ಬ್ರೇಕ್‌ಫಾಸ್ಟ್ ಶೋ' ಕಾಣಿಸಿತು. ಅದೇ ಜೋಡಿ, ಅದೇ ಕ್ಲಬ್, ಅದೇ ರಾತ್ರಿ. ಅಯ್ಯೋ, ಐದನೆಯದೂ ಒಂದು ಇತ್ತಾ! ಮುಂದಿನ ಕವರಿನ ಫೋಟೋ ಮಾತ್ರ ಹಾಕಿದ್ದ. ಎಡಗಡೆ ಜಪಾನಿ ಸಿಡಿಗಳಿಗೆ ಇರುತ್ತದಲ್ಲ, ಒಬಿ ಎನ್ನುವ ಕಾಗದದ ಪಟ್ಟಿ, ಅದೂ ಇತ್ತು. 'ಮೊದಲ ಬಾರಿಗೆ ಸಿಡಿಯಲ್ಲಿ' ಅಂತ ಬೇರೆ. ಕೆಂಪಕ್ಷರದಲ್ಲಿ 'ಕೊನೆಯ 2 ಪ್ರತಿ ಮಾತ್ರ'. ಹಿಂಬದಿಯ ಫೋಟೋ ಯಾಕಿಲ್ಲ ಅಂತ ಕೇಳುವ ಬುದ್ಧಿ ಬರಲಿಲ್ಲ.

ಪಾರ್ಸೆಲ್ ಬಂದಾಗ ನನ್ನ ಸಿಡಿ ಪ್ಲೇಯರ್ ರಿಪೇರಿಗೆ ಹೋಗಿತ್ತು. ಒಳ್ಳೆಯ ಪ್ಲಾಸ್ಟಿಕ್ ಹೊದಿಕೆ, ಒಬಿ ಎಲ್ಲ ನೀಟಾಗಿತ್ತು. ಪ್ಲೇಯರ್ ಬಂದ ಮೇಲೆ ಶಾಸ್ತ್ರೋಕ್ತವಾಗಿ ಬಿಚ್ಚೋಣ ಅಂತ ಹಾಗೇ ಎತ್ತಿಟ್ಟೆ. ಇದು ನಾನು ಮಾಡಿದ ಅತಿ ದೊಡ್ಡ ತಪ್ಪು. ಮಾರಾಟ ತಾಣದಲ್ಲಿ ದೂರು ಕೊಡಲು ಇದ್ದದ್ದು 30 ದಿನ. ನಾನು ಬಿಚ್ಚಿದ್ದು ಏಳನೇ ವಾರದಲ್ಲಿ.

ಮೂರನೇ ಟ್ರ್ಯಾಕಿಗೆ ಬರುವಷ್ಟರಲ್ಲಿ ಟಕ್ ಟಕ್ ಅಂತ ಎಗರಲು ಶುರು. ಪ್ಲೇಯರಿಗೆ 25 ವರ್ಷವಾಗಿದೆ. ರಿಪೇರಿಯವರು ಸರಿ ಮಾಡಿಲ್ಲ ಅಂದುಕೊಂಡು ಸಿಡಿ ಸಮೇತ ಎಸ್.ಪಿ. ರೋಡಿಗೆ ಹೋಗಿ ಜೋರಾಗಿಯೇ ಮಾತಾಡಿದೆ. ಅವರು ಪಾಪ ಏನೂ ಅನ್ನಲಿಲ್ಲ. ಸಿಡಿಯನ್ನು ಮಗುಚಿ ಟ್ಯೂಬ್‌ಲೈಟಿಗೆ ಹಿಡಿದು, "ಸಾರ್, ಇದು ಕಂಪ್ಯೂಟರಲ್ಲಿ ಬರೆದ ಡಿಸ್ಕು. ಕಂಪನಿದಲ್ಲ" ಅಂದರು. ನೋಡಿದರೆ ಹೌದು, ತಳ ಹಸಿರು ನೀಲಿ. ಅಚ್ಚಿನಲ್ಲಿ ಒತ್ತಿದ ಸಿಡಿಯ ಒಳಗಿರುವುದು ಅಲ್ಯೂಮಿನಿಯಂ ಪದರ, ಹಾಗಾಗಿ ತಳ ಬೆಳ್ಳಿಯ ಹಾಗಿರುತ್ತದೆ. ಹೀಗೆ ಕಂಪ್ಯೂಟರಲ್ಲಿ ಬರೆಯುವ ಸಿಡಿ-ಆರ್‌ನಲ್ಲಿ ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನೇ ಸುಟ್ಟು ಬರೆಯುತ್ತದೆ. ಬಿಸಿಲು, ಸೆಕೆಗೆ ಆ ಬಣ್ಣ ಮಾಸುವುದೂ ಉಂಟು. ಸವೆದ ಲೇಸರಿನ ಹಳೇ ಪ್ಲೇಯರ್‌ಗಳು ಇವನ್ನು ಓದಲು ತಿಣುಕುತ್ತವೆ. ಕ್ಷಮೆ ಕೇಳಿ ಬಂದೆ. ಮುಖ ಎಲ್ಲಿಡಲಿ ಅನ್ನುವಂತಾಗಿತ್ತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ಕೇಳಿದೆ. ಎರಡನೇ ನಿಮಿಷಕ್ಕೇ ಅನುಮಾನ, ಇದನ್ನು ಎಲ್ಲೋ ಕೇಳಿದ್ದೇನಲ್ಲ. 'ಟೆನರ್ ಸೀನ್' ತೆಗೆದು ಪಕ್ಕದಲ್ಲಿಟ್ಟು ಹಾಕಿದರೆ ಅದೇ ಸಂಗೀತ, ಸ್ವರಕ್ಕೆ ಸ್ವರ! ಆಮೇಲೆ ಗೊತ್ತಾಯಿತು, 'ಟೆನರ್ ಸೀನ್' ಅನ್ನೇ ಮುಂದೆ 'ಬ್ರೇಕ್‌ಫಾಸ್ಟ್ ಶೋ' ಎಂಬ ಹೆಸರಿನಲ್ಲೂ ಹೊರತಂದಿದ್ದರು. ಐದನೆಯದು ಇಲ್ಲವೇ ಇಲ್ಲ. ಹೆಸರು ಬದಲಾಯಿಸಿದ್ದು ಮಾರಿದವನ ತಪ್ಪಲ್ಲ ಬಿಡಿ. ಆದರೆ 'ಮೊದಲ ಬಾರಿಗೆ ಸಿಡಿಯಲ್ಲಿ' ಅಂದದ್ದು ಸುಳ್ಳು ತಾನೇ?

ಸ್ವರಕ್ಕೆ ಸ್ವರ ಅಂದೆ, ಅದೂ ಪೂರ್ತಿ ನಿಜವಲ್ಲ. ಹೊಸ ಸಿಡಿಯ ಶ್ರುತಿ ಒಂಚೂರು ಮೇಲೆ, ಒಂದು ಟ್ರ್ಯಾಕಂತೂ ಹತ್ತು ಸೆಕೆಂಡ್ ಬೇಗ ಮುಗಿಯುತ್ತದೆ. ಅಂದರೆ ಜೋರಾಗಿ ತಿರುಗುವ ಟರ್ನ್‌ಟೇಬಲ್ ಮೇಲೆ ಎಲ್‌ಪಿ ಇಟ್ಟು ಕಂಪ್ಯೂಟರಿಗೆ ಹತ್ತಿಸಿದ್ದಾರೆ. ಸೂಜಿಯ ಚಟಪಟ ಗೊತ್ತಾಗಬಾರದು ಅಂತ ಶಬ್ದ ತೊಳೆಯುವ ಸಾಫ್ಟ್‌ವೇರ್ ಓಡಿಸಿದ್ದಾರೆ. ಚಟಪಟದ ಜೊತೆ ಬೆನ್ ರೈಲಿಯ ಸಿಂಬಲ್ಲೂ ತೊಳೆದುಹೋಗಿದೆ. ಝಲ್ಲನೆ ಹರಡಬೇಕಾದ ನಾದ ನೀರಿನೊಳಗಿಂದ ಕೇಳಿದ ಹಾಗಿದೆ. ಫೈಲನ್ನು ಆಡಾಸಿಟಿಯಲ್ಲಿ ತೆರೆದೆ. ಅದು ಬಿಟ್ಟಿ ಸಿಗುವ ಸಾಫ್ಟ್‌ವೇರ್. ಸ್ಪೆಕ್ಟ್ರಮ್, ಅಂದರೆ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗಿನ ಶಬ್ದದ ನಕ್ಷೆ, ನೋಡಿದರೆ ಮೇಲ್ತುದಿಯಲ್ಲಿ 16 ಕಿಲೋಹರ್ಟ್ಜ್ ಹತ್ತಿರ ಗೋಡೆ ಕಟ್ಟಿದ ಹಾಗೆ ಕಟ್. ನಡುವೆ ಎಲ್ಲೋ ಎಂಪಿ3 ಆಗಿ ಬಂದಿದೆ ಅನ್ನುವುದಕ್ಕೆ ಅದು ಗುರುತು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಚಪ್ಪಾಳೆಗೆ. ಟ್ರ್ಯಾಕ್ ಮುಗಿಯುತ್ತದೆ, ಜನ ಕೂಗುತ್ತಿದ್ದಾರೆ, ಫಕ್ಕನೆ ಎರಡು ಸೆಕೆಂಡ್ ಸ್ಮಶಾನ ಮೌನ. ಮತ್ತೆ ಕ್ಲಬ್ಬಿನ ಗಲಾಟೆ. ಸಿಡಿ ಬರೆಯುವಾಗ ಟ್ರ್ಯಾಕುಗಳ ನಡುವೆ ತಾನಾಗಿ ಬೀಳುವ ಆ ಖಾಲಿಯನ್ನು ತೆಗೆಯುವ ತಾಳ್ಮೆಯೂ ಇರಲಿಲ್ಲ. ಲೈವ್ ರೆಕಾರ್ಡಿಂಗ್ ಕೊಳ್ಳುವುದೇ ಆ ಕೋಣೆಯಲ್ಲಿ ಕೂತ ಅನುಭವಕ್ಕೆ ಅಲ್ವಾ? ಇಲ್ಲಿ ಪ್ರತಿ ಹಾಡಿಗೂ ಒಮ್ಮೆ ಕೋಣೆಯಿಂದ ಕತ್ತು ಹಿಡಿದು ಹೊರಗೆ ದಬ್ಬುತ್ತಾರೆ.

ಮಾರಿದವನಿಗೆ ಬರೆದೆ. ಮೊದಲು, ಹೊದಿಕೆ ಬಿಚ್ಚಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂದ. ಬಿಚ್ಚದೆ ಕೇಳುವುದು ಹೇಗೆ ಅಂದದ್ದಕ್ಕೆ ಉತ್ತರವಿಲ್ಲ. ಆಮೇಲೆ, ನಿಮ್ಮ ಖರ್ಚಿನಲ್ಲಿ ಕಳಿಸಿ, ನೋಡೋಣ ಅಂದ. ಆ ಖರ್ಚು ಹೆಚ್ಚುಕಡಿಮೆ ಸಿಡಿಯಷ್ಟೇ ಆಗುತ್ತಿತ್ತು. ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ. ನನ್ನ ಕಾಸೂ ಹೋಯಿತು, ಕಜ್ಜಾಯವೂ ಹಳಸಿದ್ದು. ಕೊನೆಗೆ, ಇದು ಯುರೋಪಿನಲ್ಲಿ ಕಾನೂನುಬದ್ಧ ಅಂತ ಪಾಠ ಹೇಳಿದ.

ಆ ಪಾಠದಲ್ಲಿ ಸತ್ಯವಿದೆ, ಅದೇ ತಮಾಷೆ. ಯುರೋಪಿನಲ್ಲಿ ರೆಕಾರ್ಡಿಂಗ್ ಹಕ್ಕು ಮೊದಲು 50 ವರ್ಷ ಇತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸಿದರು. ಆದರೆ 1963ಕ್ಕಿಂತ ಮುಂಚೆ ಹೊರಬಂದವು ಅಷ್ಟರಲ್ಲಿ ಕೈತಪ್ಪಿದ್ದವು. ಹಾಗಾಗಿ 1961ರ ಎಲ್‌ಪಿಯನ್ನು ಅಲ್ಲಿ ಯಾರು ಬೇಕಾದರೂ ಮಾರಬಹುದು. ಅಮೆರಿಕದಲ್ಲಿ ಅದೇ ರೆಕಾರ್ಡಿಂಗಿಗೆ 2067ರವರೆಗೆ ರಕ್ಷಣೆ ಇದೆ. ಹಕ್ಕು ಮುಗಿದರೆ ಮಾರುವ ಸ್ವಾತಂತ್ರ್ಯ ಸಿಗುತ್ತದೆ, ಮೂಲ ಟೇಪ್ ಸಿಗುವುದಿಲ್ಲ. ಪ್ರೆಸ್ಟೀಜ್ ಅನ್ನು 1971ರಲ್ಲಿ ಫ್ಯಾಂಟಸಿ ಕೊಂಡಿತು, 2004ರಲ್ಲಿ ಫ್ಯಾಂಟಸಿಯನ್ನು ಕಾನ್‌ಕಾರ್ಡ್ ಕೊಂಡಿತು. ಹಿಂಬದಿಯ ಸಣ್ಣಕ್ಷರದಲ್ಲಿ ಇವರ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಯಾವುದರಿಂದ ತೆಗೆದದ್ದು ಅಂತ ಬಾಯಿಬಿಟ್ಟು ಕೇಳಿ. '24 ಬಿಟ್' ಅನ್ನುವುದಕ್ಕೆ ಮರುಳಾಗಬೇಡಿ. ಸಿಡಿಯಲ್ಲಿ ಇರುವುದು ಯಾವತ್ತೂ 16 ಬಿಟ್ಟೇ. ಮೂಲ ಕೆಟ್ಟಿದ್ದರೆ ಎಷ್ಟು ಬಿಟ್ಟಾದರೂ ಅಷ್ಟೇ.

ದುಡ್ಡು ಕೊಡುವ ಮುಂಚೆ ಹಿಂಬದಿಯ ಹಾಡುಪಟ್ಟಿ ಮತ್ತು ಡಿಸ್ಕಿನ ತಳದ ಫೋಟೋ ಕೇಳಿ. ತಳದಲ್ಲಿ ಒಳವೃತ್ತದ ಸುತ್ತ ಮೇಟ್ರಿಕ್ಸ್ ನಂಬರ್, ಅಂದರೆ ಅಚ್ಚಿನ ಗುರುತಿನ ಸಂಖ್ಯೆ, ಇರುತ್ತದೆ, ಸಾಮಾನ್ಯವಾಗಿ ಕವರಿನ ನಂಬರಿಗೆ ಹೊಂದುತ್ತದೆ. ರೆಕಾರ್ಡ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟದ ಗುರುತಾದ ಐಎಫ್‌ಪಿಐ ಅಂತ ಪುಟ್ಟ ಅಕ್ಷರ ಇಲ್ಲದಿದ್ದರೆ ಗಾಬರಿ ಬೇಡ, 1994ಕ್ಕಿಂತ ಹಳೆಯವುಗಳಲ್ಲಿ ಅದು ಇರುವುದಿಲ್ಲ. ಸಿಡಿ-ಆರ್ ಅಂತ ಹೇಳಿಯೇ ಮಾರುವ ಚಿಕ್ಕ ಕಂಪನಿಗಳೂ ಇವೆ, ಅವರ ಮೇಲೆ ನನಗೆ ತಕರಾರಿಲ್ಲ. ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಪ್ಲೇಯರ್ ಇಲ್ಲದಿದ್ದರೆ ಪಕ್ಕದ ಮನೆಯ ಹಳೇ ಲ್ಯಾಪ್‌ಟಾಪಿಗಾದರೂ ಹಾಕಿ ಕೇಳಿ.

ಮೊನ್ನೆ ಸುಮ್ನೆ ಆ ಪಟ್ಟಿಯನ್ನು ಮತ್ತೆ ತೆರೆದು ನೋಡಿದೆ. ನಾನು ಕೊಂಡು ಐದು ತಿಂಗಳಾಯಿತು. ಇನ್ನೂ 'ಕೊನೆಯ 2 ಪ್ರತಿ ಮಾತ್ರ' ಇದೆ.