ಚಂದದ ಕನ್ನಡ ಬ್ಲಾಗ್‌ಗೆ ಯಾವುದು ಸರಿ? ಬ್ಲಾಗರ್, ವರ್ಡ್‌ಪ್ರೆಸ್, ವಿಕ್ಸ್ ಬಳಸಿ ನೋಡಿದ ಮೇಲೆ

ಡಿಸೈನ್ ಕಲಿಯದವರು ನೋಡಲು ಚಂದವಾದ ಬ್ಲಾಗ್ ಮಾಡಿಕೊಳ್ಳಬಹುದಾ? ವಿರಾಜಪೇಟೆ ಕಡೆಯ ನನ್ನ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ. ಒಬ್ಬರಿಗೆ ತೋಟದ ವಿಷಯ ಬರೆಯಬೇಕು. ಇನ್ನೊಬ್ಬರಿಗೆ ಕಡಂಬುಟ್ಟು, ನೂಲ್‌ಪುಟ್ಟು, ಕಾಚಂಪುಳಿ ಅಂತ ಅಡುಗೆ ಬಗ್ಗೆ ಬರೆಯುವ ಆಸೆ. ಮತ್ತೊಬ್ಬರ ಹತ್ತಿರ ತಡಿಯಂಡಮೋಳ್ ಬೆಟ್ಟ ಹತ್ತಿದ ಕಥೆ ಇದೆ. ಬರೆಯೋದು ಎಲ್ಲರಿಗೂ ಬರುತ್ತದೆ, ಫೋಟೊಗಳಿಗೂ ಬರವಿಲ್ಲ. ಪುಟ ಮಾತ್ರ ಚೆನ್ನಾಗಿ ಕಾಣೋದಿಲ್ಲ ಅನ್ನೋದೇ ಎಲ್ಲರ ಕೊರಗು.

ಹಾಗಾಗಿ ಒಂದೇ ಬರಹವನ್ನು ಬ್ಲಾಗ್ ಮಾಡಿಕೊಳ್ಳಲು ಸಿಗುವ ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್, ವಿಕ್ಸ್ ಎಂಬ ಮೂರು ಸೈಟುಗಳಲ್ಲೂ ಹಾಕಿ ನೋಡಿದೆ. ಮೂರರಲ್ಲೂ ದುಡ್ಡು ಕೊಡದ ಪ್ಲ್ಯಾನ್. ಬರಹ ಕಾಫಿ ಹೂವಿನದು. ಬೇಸಿಗೆ ಶುರುವಿನಲ್ಲಿ ಹೂಮಳೆ (ಹೂ ಅರಳಿಸುವ ಮಳೆ) ಬಿದ್ದು, ವಾರ ಹತ್ತು ದಿನದಲ್ಲಿ ರೋಬಸ್ಟಾ ತೋಟ ಪೂರ್ತಿ ಬೆಳ್ಳಗಾಗುತ್ತದಲ್ವಾ, ಅದರ ಬಗ್ಗೆ. ಅದೇ ಪಠ್ಯ, ಅವೇ ಫೋಟೊಗಳು. ನೋಡಿದ್ದು ಲ್ಯಾಪ್‌ಟಾಪ್‌ನಲ್ಲಿ ಮತ್ತು ಚಿಕ್ಕಮ್ಮನ ಹಳೆಯ ಆಂಡ್ರಾಯ್ಡ್ ಫೋನ್‌ನಲ್ಲಿ. ಆ ಫೋನ್‌ನಲ್ಲಿ ನೋಡಿದ್ದೇ ನನಗೆ ಮುಖ್ಯ. ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್ ಸಿಗುವ ಮನೆಗಳು ಇಲ್ಲಿ ಬಹಳ. ಅಲ್ಲಿ ತೆರೆದುಕೊಳ್ಳದ ಪುಟ ಎಷ್ಟು ಚಂದ ಇದ್ದರೂ ಅದನ್ನು ನೋಡುವವರು ಯಾರು?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಬ್ಲಾಗರ್, ಅದರ ಹೊಸ ಥೀಮ್‌ಗಳಲ್ಲಿ (ಪುಟದ ಸಿದ್ಧ ವಿನ್ಯಾಸಗಳಲ್ಲಿ) ಒಂದು, ಒಂದೋ ಎರಡೋ ಒಳ್ಳೆಯ ಕನ್ನಡ ಫಾಂಟ್, ಸಾಲುಗಳ ನಡುವೆ ಧಾರಾಳ ಜಾಗ. ಇಷ್ಟೇ. ವರ್ಷಕ್ಕೆ ಸ್ವಲ್ಪ ದುಡ್ಡು ಹಾಕಲು ತಯಾರಿರುವವರಿಗೆ ವರ್ಡ್‌ಪ್ರೆಸ್ ಹೇಳುತ್ತೇನೆ. ವಿಕ್ಸ್ ಅನ್ನು ಬ್ಲಾಗ್ ಬರೆಯುವವರಿಗೆ ಹೇಳುವುದಿಲ್ಲ.

ಬ್ಲಾಗರ್ ಹಳೆಯದು. 1999ರಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಹಳೆಯದಾದ್ದರಿಂದ ಅದರೊಳಗೆ ಎರಡು ಕಾಲದ ಥೀಮ್‌ಗಳು ಒಟ್ಟಿಗೇ ಕೂತಿವೆ. ಸಿಂಪಲ್, ಆಸಮ್, ವಾಟರ್‌ಮಾರ್ಕ್ ಇವೆಲ್ಲ ಮೊದಲ ಕಾಲದವು. ಇವುಗಳಲ್ಲಿ ಮೊಬೈಲ್‌ಗೆ ಬೇರೆಯೇ ರೂಪ ಇರುತ್ತದೆ. ನೀವು ಲ್ಯಾಪ್‌ಟಾಪ್‌ನಲ್ಲಿ ಕೂತು ಬಣ್ಣ, ಅಕ್ಷರ ಎಲ್ಲ ಹೊಂದಿಸಿದರೂ ಫೋನ್‌ನಲ್ಲಿ ಅದು ಕಾಣದೇ ಇರಬಹುದು. ಡೈನಮಿಕ್ ವ್ಯೂಸ್ ಅಂತ ಇನ್ನೊಂದು ಇದೆ. ನೋಡಲು ಮಜವಾಗಿದೆ, ಆದರೆ ಪುಟ ತೆರೆಯುವ ಮೊದಲು ಹಲ್ಲುಚಕ್ರ ತಿರುಗುತ್ತಾ ನಿಲ್ಲುತ್ತದೆ. ನಮ್ಮ ನೆಟ್‌ವರ್ಕ್‌ಗೆ ಅದು ಬೇಡ.

2017ರಲ್ಲಿ ಬಂದ ಕಾಂಟೆಂಪೊ, ಸೋಹೊ, ಎಂಪೋರಿಯೊ, ನೋಟಬಲ್ ಈ ನಾಲ್ಕು ಬೇರೆ ಜಾತಿಯವು. ಪರದೆ ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಹಾಗೆ ತಾವೇ ಹೊಂದಿಕೊಳ್ಳುತ್ತವೆ. ಫೋಟೊ ಜಾಸ್ತಿ ಇದ್ದರೆ ಸೋಹೊ, ಬರಹ ಜಾಸ್ತಿ ಇದ್ದರೆ ನೋಟಬಲ್. ಕಾಫಿ ಹೂವಿನ ಬರಹಕ್ಕೆ ಸೋಹೊ ಚೆನ್ನಾಗಿ ಒಪ್ಪಿತು. ಮುಖಪುಟದಲ್ಲಿ ಚಿತ್ರಗಳು ದೊಡ್ಡದಾಗಿ ಬರುತ್ತವೆ, ಸುತ್ತ ಗಲಾಟೆ ಇಲ್ಲ.

ಒಂದು ತೊಡಕಿದೆ. ಬ್ಲಾಗರ್‌ನ ಥೀಮ್ ಬದಲಾಯಿಸುವ ಜಾಗದಲ್ಲಿ ಸಿಗುವ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದವು. ಅಲ್ಲಿ ಏನು ಆರಿಸಿದರೂ ಕನ್ನಡ ಅಕ್ಷರ ಓದುಗರ ಫೋನ್‌ನಲ್ಲಿ ಏನಿದೆಯೋ ಅದರಲ್ಲೇ ಮೂಡುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ ಸ್ಯಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಹಳೆಯ ವಿಂಡೋಸ್ ಆದರೆ ತುಂಗಾ. ಇದನ್ನು ಸರಿಮಾಡಲು ಥೀಮ್‌ನ ಎಚ್‌ಟಿಎಂಎಲ್ (ಪುಟದ ಹಿಂದಿರುವ ಕೋಡ್) ತೆರೆದು, ಪುಕ್ಕಟೆ ಫಾಂಟ್‌ಗಳ ಸೈಟಾದ ಗೂಗಲ್ ಫಾಂಟ್ಸ್ ಕೊಡುವ ಒಂದು ಸಾಲನ್ನು ಹೆಡ್ ಭಾಗದಲ್ಲಿ ಅಂಟಿಸಿ, ಆ ಫಾಂಟಿನ ಹೆಸರನ್ನು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್‌ನಲ್ಲಿ) ಬರೆಯಬೇಕು. ಅಂಟಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಲಿಂಕ್ ಟ್ಯಾಗ್‌ನ, ಅಂದರೆ ಅಂಟಿಸುವ ಆ ಸಾಲಿನ, ಕೊನೆಯ ಕೋನ ಚಿಹ್ನೆಗೆ (>) ಮೊದಲು ಓರೆಗೆರೆ (/) ಇರಲೇಬೇಕು. ವಿಳಾಸದೊಳಗೆ ಆಂಪರ್‌ಸ್ಯಾಂಡ್ ಚಿಹ್ನೆ (&) ಇದ್ದರೆ ಅದರ ಬೆನ್ನಿಗೆ ಎ, ಎಂ, ಪಿ ಅಕ್ಷರ ಮತ್ತು ಅರ್ಧವಿರಾಮ ಸೇರಿಸಬೇಕು. ಇಲ್ಲದಿದ್ದರೆ ಸೇವ್ ಆಗುವುದೇ ಇಲ್ಲ. ಕೈಹಾಕುವ ಮೊದಲು ಥೀಮ್‌ನ ಬ್ಯಾಕಪ್ ಇಳಿಸಿಟ್ಟುಕೊಂಡರೆ ಭಯವಿಲ್ಲ. ಒಂದು ಸಲ ಮಾಡಿದರೆ ಆಯಿತು, ಮತ್ತೆ ಆ ಕಡೆ ಹೋಗಬೇಕಾಗಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಬರೆಯುವ ಖುಷಿಯೇ ಬೇರೆ. 2018ರ ಕೊನೆಯಲ್ಲಿ ಬಂದ ಬ್ಲಾಕ್ ಎಡಿಟರ್‌ನಲ್ಲಿ ಪ್ಯಾರಾ, ಚಿತ್ರ, ಗ್ಯಾಲರಿ ಎಲ್ಲ ಬೇರೆ ಬೇರೆ ತುಂಡುಗಳು. ಮೇಲೆ ಕೆಳಗೆ ಸರಿಸಬಹುದು, ಎರಡು ಚಿತ್ರ ಪಕ್ಕಪಕ್ಕ ಇಡಬಹುದು. ಮೊಗ್ಗಿನ ಫೋಟೊ ಎಡಗಡೆ, ಅದೇ ರೆಂಬೆ ಹೂ ಬಿಟ್ಟಾಗಿನ ಫೋಟೊ ಬಲಗಡೆ ಇಟ್ಟೆ. ಬ್ಲಾಗರ್‌ನಲ್ಲಿ ಇದನ್ನು ಮಾಡಲು ಹೆಣಗಬೇಕು, ಇಲ್ಲಿ ಕ್ಷಣದಲ್ಲಿ ಆಗುತ್ತದೆ. ಸಿದ್ಧ ವಿನ್ಯಾಸಗಳೂ ಬೇಕಾದಷ್ಟಿವೆ. ಅದರ ಥೀಮ್‌ಗಳನ್ನು ಮಾಡಿದವರಿಗೆ ಖಾಲಿ ಜಾಗದ ಬೆಲೆ ಗೊತ್ತಿದೆ. ಹೇಗೆ ಬಿಟ್ಟರೂ ಪುಟ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಆದರೆ ಪುಕ್ಕಟೆ ಪ್ಲ್ಯಾನ್‌ನಲ್ಲಿ ಓದುಗರಿಗೆ ಜಾಹೀರಾತು ಕಾಣುತ್ತದೆ, ಅದು ಅವರ ನಿಯಮ. ಸೈಟಿಗೆಲ್ಲ ಒಟ್ಟಿಗೆ ಸ್ಟೈಲ್ ಬದಲಾಯಿಸಿ ಪ್ರಕಟಿಸಲು, ಸ್ವಂತ ಸಿಎಸ್‌ಎಸ್ ಹಾಕಲು ದುಡ್ಡಿನ ಪ್ಲ್ಯಾನ್ ಬೇಕು. ನಮ್ಮದೇ ಹೆಸರಿನ ವಿಳಾಸಕ್ಕೂ ಹಾಗೆಯೇ. ಬ್ಲಾಗರ್‌ನಲ್ಲಿ ಡೊಮೈನ್‌ನ (ಆ ಸ್ವಂತ ವಿಳಾಸದ) ವರ್ಷದ ಶುಲ್ಕ ಮಾತ್ರ ಕೊಟ್ಟರೆ ಸಾಕು, ಅದನ್ನು ಜೋಡಿಸಲು ಬ್ಲಾಗರ್ ಏನೂ ಕೇಳುವುದಿಲ್ಲ. ಹೋಂಸ್ಟೇ ನಡೆಸುವವರು, ಮನೆಯಲ್ಲೇ ಕಾಫಿಪುಡಿ ಮಾಡಿ ಮಾರುವವರು ವರ್ಡ್‌ಪ್ರೆಸ್‌ಗೆ ದುಡ್ಡು ಹಾಕಿದರೆ ನಷ್ಟವಿಲ್ಲ. ಸುಮ್ನೆ ಖುಷಿಗೆ ಬರೆಯುವವರು ಯೋಚಿಸಿ.

ವಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ವಸ್ತುವನ್ನು ಬೇಕಾದರೂ ಎಳೆದು ಎಲ್ಲಿ ಬೇಕಾದರೂ ಇಡಬಹುದು ಅನ್ನೋದು ಅದರ ಹೆಚ್ಚುಗಾರಿಕೆ. ಡಿಸೈನ್ ಕಲಿಯದವರಿಗೆ ಅದೇ ಕಷ್ಟ. ಎಲ್ಲಿ ಬೇಕಾದರೂ ಇಡಬಹುದಾದರೆ ಎಲ್ಲಿ ಇಡಬೇಕು ಅನ್ನೋದನ್ನು ನಾವೇ ಹೇಳಬೇಕಲ್ವಾ? ಲ್ಯಾಪ್‌ಟಾಪ್‌ಗೆ ಹೊಂದಿಸಿದ್ದನ್ನು ಮೊಬೈಲ್‌ಗೆ ಮತ್ತೆ ಹೊಂದಿಸಬೇಕು. ಒಮ್ಮೆ ಒಂದು ಟೆಂಪ್ಲೇಟ್ ಹಿಡಿದು ಕೆಲಸ ಶುರು ಮಾಡಿದರೆ ಅದೇ ಸೈಟಿಗೆ ಇನ್ನೊಂದು ಟೆಂಪ್ಲೇಟ್ ಹಾಕಲು ಆಗುವುದಿಲ್ಲ. ಪುಕ್ಕಟೆ ಸೈಟಿನ ಮೇಲೆ ವಿಕ್ಸ್‌ನ ಜಾಹೀರಾತಿನ ಪಟ್ಟಿ ಇರುತ್ತದೆ. ಒಂದೇ ಪುಟದ ಚಂದದ ಪರಿಚಯ ಬೇಕಾದವರಿಗೆ ಸರಿ, ವಾರವಾರ ಬರೆಯುವವರಿಗೆ ಅಲ್ಲ.

ಅಂದ ಹಾಗೆ, ಬ್ಲಾಗರ್‌ಗೆಂದು ಹೊರಗಡೆ ಪುಕ್ಕಟೆ ಟೆಂಪ್ಲೇಟ್ ಹಂಚುವ ಸೈಟುಗಳು ಬೇಕಾದಷ್ಟಿವೆ. ಕಣ್ಣಿಗೆ ಕುಕ್ಕುವ ಹಾಗೆ ಇರುತ್ತವೆ. ಎಷ್ಟೋ ಟೆಂಪ್ಲೇಟ್‌ಗಳ ಅಡಿಯಲ್ಲಿ ಅವರ ಲಿಂಕ್ ಅಡಗಿರುತ್ತದೆ. ಅದನ್ನು ತೆಗೆದರೆ ಓದುಗರನ್ನು ಅವರ ಸೈಟಿಗೇ ಎಳೆದೊಯ್ಯುವ ಕೋಡ್ ಕೂಡ ಇರಬಹುದು. ಇವುಗಳ ಸಹವಾಸ ಬೇಡ.

ಅಕ್ಷರವೇ ಅರ್ಧ ಅಂದ

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ಕನ್ನಡ ಪುಟ ಚಂದ ಕಾಣದೇ ಇರಲು ಬಣ್ಣ ಕಾರಣವಲ್ಲ, ಥೀಮ್ ಕೂಡ ಅಲ್ಲ. ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡಿರುವುದೇ ಕಾರಣ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು ಇದೆ, ಮೇಲೆ ಗುಣಿತದ ಚಿಹ್ನೆ ಇದೆ. 'ರಾಷ್ಟ್ರ' ಅಂತ ಬರೆದರೆ ಅಡಿಯಲ್ಲಿ ಎರಡು ಒತ್ತು ಕೂರಬೇಕು. ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ಗಳಲ್ಲಿ ಸಾಲಿನ ಎತ್ತರ ಸಾಮಾನ್ಯವಾಗಿ ಅಕ್ಷರದ ಅಳತೆಯ ಒಂದೂವರೆ ಪಟ್ಟಿನ ಆಸುಪಾಸು. ಕನ್ನಡಕ್ಕೆ 1.8 ಇಡಿ, ಅಕ್ಷರದ ಅಳತೆ 18 ಪಿಕ್ಸೆಲ್ ಇಡಿ. ಬೇರೇನನ್ನೂ ಮುಟ್ಟದೆ ಇದೊಂದನ್ನೇ ಬದಲಾಯಿಸಿ ಚಿಕ್ಕಮ್ಮನಿಗೆ ತೋರಿಸಿದೆ. "ಈಗ ಕನ್ನಡಕ ಹುಡುಕಬೇಕಾಗಿಲ್ಲ ನೋಡು" ಅಂದರು.

ಬ್ಲಾಗರ್‌ನಲ್ಲಿ ಈ ಬದಲಾವಣೆ ಒಮ್ಮೆ ಮಾಡಿದರೆ ಎಲ್ಲ ಬರಹಗಳಿಗೂ ಹತ್ತುತ್ತದೆ. ವರ್ಡ್‌ಪ್ರೆಸ್‌ನ ಪುಕ್ಕಟೆ ಪ್ಲ್ಯಾನ್‌ನಲ್ಲಿ ಪ್ಯಾರಾಗಳಿಗೆ ಒಂದೊಂದಾಗಿ ಮಾಡಬೇಕಾಯಿತು. ನಾನು ಬ್ಲಾಗರ್ ಕಡೆ ವಾಲಲು ಇದೇ ದೊಡ್ಡ ಕಾರಣ.

ಫಾಂಟ್‌ಗಳನ್ನೂ ಹೋಲಿಸಿ ನೋಡಿದೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ದುಡ್ಡಿಲ್ಲದೆ ಸಿಗುವವು. ತಿರೊ ಕನ್ನಡ ಹಳೆಯ ಅಚ್ಚುಮೊಳೆಯ ಪುಸ್ತಕದ ಕಳೆ ಇರುವ ಫಾಂಟ್. ಉದ್ದ ಬರಹಕ್ಕೆ ಬಹಳ ಹಿತ. ಆದರೆ ಅದರಲ್ಲಿ ದಪ್ಪ ಅಕ್ಷರ ಇಲ್ಲ. ಬೋಲ್ಡ್ ಮಾಡಿದರೆ ಬ್ರೌಸರ್ ತಾನೇ ಬಲವಂತವಾಗಿ ದಪ್ಪ ಮಾಡುತ್ತದೆ, ಆಗ ಅಕ್ಷರದೊಳಗಿನ ಸುರುಳಿಗಳು ಮುಚ್ಚಿಹೋಗುತ್ತವೆ. ನೋಟೊ ಸೆರಿಫ್ ಕನ್ನಡದಲ್ಲಿ ಸಣ್ಣದರಿಂದ ದಪ್ಪದವರೆಗೆ ಎಲ್ಲ ತೂಕವೂ ಇದೆ. ಚೆಲುವಿನಲ್ಲಿ ತಿರೊಗಿಂತ ಒಂದು ಕೈ ಕಡಿಮೆ, ಬಳಕೆಗೆ ಹೆಚ್ಚು ಅನುಕೂಲ. ಬಾಲೂ ತಮ್ಮ 2 ದುಂಡಗೆ, ದಪ್ಪಗೆ ಇದೆ. ತಲೆಬರಹಕ್ಕೆ ಚೆನ್ನ, ಪ್ಯಾರಾಗಟ್ಟಲೆ ಓದಲು ಭಾರ. ಅನೇಕ್ ಕನ್ನಡ ತೆಳುವಾಗಿ, ಇವತ್ತಿನ ಕಾಲದ್ದಾಗಿ ಕಾಣುತ್ತದೆ. ಅಡುಗೆ ಬ್ಲಾಗ್‌ಗೆ ಅದನ್ನೇ ಹಾಕಿಕೊಟ್ಟೆ. ನನ್ನ ತೋಟದ ಬರಹಗಳಿಗೆ ಕೊನೆಗೆ ಉಳಿದದ್ದು ತಲೆಬರಹಕ್ಕೆ ಬಾಲೂ ತಮ್ಮ, ಒಳಗೆ ನೋಟೊ ಸೆರಿಫ್. ಎರಡಕ್ಕಿಂತ ಹೆಚ್ಚು ಫಾಂಟ್ ಹಾಕಿದರೆ ಪುಟ ಜಾತ್ರೆಯ ಹಾಗೆ ಕಾಣುತ್ತದೆ, ಭಾರವೂ ಆಗುತ್ತದೆ.

ಓರೆ ಅಕ್ಷರ ಕನ್ನಡಕ್ಕೆ ಬೇಡ. ಹೆಚ್ಚಿನ ಫಾಂಟ್‌ಗಳಲ್ಲಿ ಅದಕ್ಕೆಂದೇ ಮಾಡಿದ ಅಕ್ಷರ ಇರುವುದಿಲ್ಲ, ಇರುವುದನ್ನೇ ಬ್ರೌಸರ್ ವಾಲಿಸುತ್ತದೆ. ತಲೆಬರಹದ ಅಕ್ಷರಗಳ ನಡುವೆ ಜಾಗ ಬಿಡುವ ಫ್ಯಾಷನ್ ಕೂಡ ಇಂಗ್ಲಿಷ್‌ನ ದೊಡ್ಡಕ್ಷರಗಳಿಗೆ ಸರಿ, ನಮ್ಮದಕ್ಕೆ ಅಲ್ಲ.

ಇನ್ನೊಂದು ಮಾತು. ಇಲ್ಲಿ ಎಷ್ಟೋ ಮನೆಗಳಲ್ಲಿ ಹಳೆಯ ಬರಹಗಳು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ (ಅಕ್ಷರ ಉಳಿಸುವ ಕ್ರಮದಲ್ಲಿ) ಟೈಪ್ ಆಗಿ ಬಿದ್ದಿವೆ. ಸ್ಮರಣ ಸಂಚಿಕೆಗೆಂದು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ಅವನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯಾವ ಥೀಮ್ ಹಾಕಿದರೂ ಅದು ಸರಿಹೋಗುವುದಿಲ್ಲ. ಮೊದಲು ಈಗಿನ ಎಲ್ಲ ಸಾಧನಗಳೂ ಓದುವ ಯುನಿಕೋಡ್‌ಗೆ ಬದಲಾಯಿಸಿ, ಒಮ್ಮೆ ಕಣ್ಣಾಡಿಸಿ ಒತ್ತಕ್ಷರ ತಿದ್ದಿ, ಆಮೇಲೆ ಹಾಕಿ. ಆ ಬರಹಗಳು ಉಳಿಯಬೇಕು. ಈ ಶ್ರಮಕ್ಕೆ ಬೇಸರ ಬೇಡ.

ಬಣ್ಣ, ಚಿತ್ರ, ತಲೆಪಟ್ಟಿ

ಕೊಡಗಿನ ಬ್ಲಾಗ್ ಅಂದ ಕೂಡಲೇ ಎಲ್ಲರೂ ಹಸಿರು ಹಿನ್ನೆಲೆ ಹಾಕುತ್ತಾರೆ. ನಾನು ಹಸಿರು ಹಿನ್ನೆಲೆ, ಕಪ್ಪು ಹಿನ್ನೆಲೆ, ಕೆನೆಬಣ್ಣದ ಹಿನ್ನೆಲೆ ಮೂರನ್ನೂ ಹಾಕಿ ನೋಡಿದೆ. ಫೋಟೊಗಳಲ್ಲೇ ಹಸಿರು ತುಂಬಿರುವಾಗ ಹಿನ್ನೆಲೆಯೂ ಹಸಿರಾದರೆ ಚಿತ್ರ ಎದ್ದು ಕಾಣುವುದೇ ಇಲ್ಲ. ಕಪ್ಪಿನ ಮೇಲೆ ಮಂಜಿನ ಫೋಟೊಗಳು ತುಂಬಾ ಚಂದ, ಆದರೆ ಅಂಗಳದ ಬೆಳಕಿನಲ್ಲಿ ಫೋನ್ ಹಿಡಿದು ಓದುವುದು ಕಷ್ಟ. ಕೆನೆಬಣ್ಣ, ಅದರ ಮೇಲೆ ಕಪ್ಪಿಗೆ ಹತ್ತಿರದ ಅಕ್ಷರ, ಲಿಂಕ್‌ಗಳಿಗೆ ಹಣ್ಣಾದ ಕಾಫಿಯ ಕೆಂಪು. ಇದೇ ಗೆದ್ದಿತು. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ವೆಬ್‌ನ ನಿಯಮಾವಳಿ ಹೇಳುತ್ತದೆ. ಎರಡು ಬಣ್ಣ ಕೊಟ್ಟರೆ ಅಳೆದು ಹೇಳುವ ಪುಕ್ಕಟೆ ಸೈಟುಗಳಿವೆ.

ಪುಟದ ಮೇಲ್ಗಡೆ ಬ್ಲಾಗ್ ಹೆಸರು ಬರುವ ತಲೆಪಟ್ಟಿಗೆ ಕ್ಯಾನ್ವಾ ಎಂಬ ಚಿತ್ರ ಮಾಡುವ ಸೈಟಿನಲ್ಲಿ ಬ್ಯಾನರ್ ಮಾಡಿ ಹಾಕುವುದಾ, ಬರೀ ಅಕ್ಷರದಲ್ಲಿ ಹೆಸರು ಇಡುವುದಾ? ಕ್ಯಾನ್ವಾ ಬ್ಯಾನರ್ ಲ್ಯಾಪ್‌ಟಾಪ್‌ನಲ್ಲಿ ಸೊಗಸಾಗಿತ್ತು. ಫೋನ್‌ನಲ್ಲಿ ಕುಗ್ಗಿ, ಹೆಸರು ಇರುವೆ ಸಾಲಿನಷ್ಟು ಸಣ್ಣದಾಯಿತು. ಅಕ್ಷರದಲ್ಲೇ ಇಟ್ಟ ಹೆಸರು ಎಲ್ಲ ಪರದೆಗೂ ಹೊಂದುತ್ತದೆ, ಬೇಗ ಬರುತ್ತದೆ, ಹುಡುಕಿದರೂ ಸಿಗುತ್ತದೆ. ಕ್ಯಾನ್ವಾವನ್ನು ವಾಟ್ಸಾಪ್‌ನಲ್ಲಿ ಹಂಚುವ ಚಿತ್ರಕ್ಕೆ ಇಟ್ಟುಕೊಳ್ಳಿ, ಅಲ್ಲಿ ಅದಕ್ಕೆ ಸಾಟಿಯಿಲ್ಲ.

ಫೋಟೊದ ಭಾರ ಇಳಿಸುವುದನ್ನು ಮರೆಯಬೇಡಿ. ಈಗಿನ ಫೋನ್‌ನಲ್ಲಿ ತೆಗೆದ ಒಂದು ಫೋಟೊ ಸುಲಭವಾಗಿ 3-4 ಎಂಬಿ ಇರುತ್ತದೆ. ಸ್ಕ್ವೂಶ್ ಅಂತ ಬ್ರೌಸರ್‌ನಲ್ಲೇ ಕೆಲಸ ಮಾಡುವ ಸಲಕರಣೆ ಇದೆ. ಅದರಲ್ಲಿ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಫೈಲ್ ಮಾಡಿದರೆ ಕೆಲವು ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಗಳದ ಮೂಲೆಯ ಸಿಗ್ನಲ್‌ನಲ್ಲೂ ಕಾಫಿ ಹೂ ಅರಳಿದ್ದು ಕಂಡಿತು.

ಮುಂದೆ ಮನಸ್ಸು ಬದಲಾದರೆ ಏನು ಅಂತಲೂ ಕೇಳುತ್ತಾರೆ. ಬ್ಲಾಗರ್‌ನಿಂದ ಎಲ್ಲ ಬರಹಗಳನ್ನೂ ಫೈಲಾಗಿ ಇಳಿಸಿಕೊಳ್ಳಬಹುದು, ವರ್ಡ್‌ಪ್ರೆಸ್‌ನಲ್ಲಿ ಅದನ್ನು ಏರಿಸಲು ದಾರಿ ಇದೆ. ವರ್ಡ್‌ಪ್ರೆಸ್‌ನಿಂದಲೂ ಹಾಗೇ ಫೈಲ್ ತೆಗೆಯಬಹುದು. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ನಡೆಸಲು ಆಗುವುದಿಲ್ಲ. ಮೊದಲ ಸಲ ಬ್ಲಾಗ್ ಮಾಡುವವರು ಬ್ಲಾಗರ್‌ನಲ್ಲಿ ಸೋಹೊ ಅಥವಾ ನೋಟಬಲ್ ಹಾಕಿಕೊಂಡು ಶುರು ಮಾಡಿ, ಬರಹಗಳು ಒಂದಷ್ಟು ಸೇರಿದ ಮೇಲೆ ದುಡ್ಡಿನ ಪ್ಲ್ಯಾನ್ ಬೇಕಾ ಅಂತ ನೋಡಿ.