ಹಳೆಯ ಗೇಮ್ ಯಂತ್ರಗಳಿಗೆ ಹೊಸ ವೈರ್‌ಲೆಸ್ ಕಂಟ್ರೋಲರ್: ನಾಲ್ಕು ವರ್ಷ ಬಳಸಿದ ಮೇಲೆ

ಕಮಾಡೋರ್ 64, ಅಮಿಗಾ 500, ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್, ಸೆಗಾ ಮೆಗಾ ಡ್ರೈವ್ ಮತ್ತು ನಿಂಟೆಂಡೊ 64, ಈ ಐದು ಯಂತ್ರಗಳಲ್ಲಿ ನಾನು ನಾಲ್ಕು ವರ್ಷಗಳಿಂದ ಬ್ಲೂಟೂತ್ ಅಡಾಪ್ಟರ್ ಮೂಲಕ ಇಂದಿನ ಕಂಟ್ರೋಲರ್‌ಗಳನ್ನೇ ಹಿಡಿದು ಆಡುತ್ತಿದ್ದೇನೆ. ಇದನ್ನು ಕೇಳಿದವರೆಲ್ಲರೂ ಮೊದಲು ಎತ್ತುವ ಪ್ರಶ್ನೆ ಒಂದೇ: ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಅದು ಕಾಣಿಸುವುದಕ್ಕೂ ನಡುವೆ ಎಷ್ಟು ತಡವಾಗುತ್ತದೆ? ಕೊಳ್ಳುವ ಮುನ್ನ ನನ್ನನ್ನೂ ಕಾಡಿದ್ದು ಅದೇ ಪ್ರಶ್ನೆ. ಆದರೆ ನನಗೆ ನಿಜವಾಗಿ ತೊಂದರೆ ಕೊಟ್ಟವುಗಳಲ್ಲಿ ಈ ವಿಳಂಬಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಅಡಾಪ್ಟರ್‌ಗೆ ವಿದ್ಯುತ್ ಎಲ್ಲಿಂದ ಬರುತ್ತದೆ, ಹೊಸ ಕಂಟ್ರೋಲರ್‌ನ ಯಾವ ಬಟನ್ ಹಳೆಯ ಯಂತ್ರದ ಯಾವ ಬಟನ್ ಆಗುತ್ತದೆ ಎಂಬ ಎರಡು ವಿಷಯಗಳೇ ನಾನು ಒಂದು ಅಡಾಪ್ಟರನ್ನು ಉಳಿಸಿಕೊಳ್ಳಬೇಕೋ ಪೆಟ್ಟಿಗೆಗೆ ಹಿಂತಿರುಗಿಸಬೇಕೋ ಎಂಬುದನ್ನು ತೀರ್ಮಾನಿಸಿದವು.

ನಾನು ಈ ದಾರಿಗೆ ಬಂದದ್ದು ವೈರಿನ ಕಿರಿಕಿರಿಗಾಗಿ ಅಲ್ಲ. ಹಳೆಯ ಪ್ಯಾಡ್‌ಗಳ ಒಳಗಿನ ವಾಹಕ ರಬ್ಬರ್ ಸವೆಯುತ್ತದೆ. ನಿಂಟೆಂಡೊ 64ರ ಮೂಲ ಕಂಟ್ರೋಲರ್‌ನಲ್ಲಿ ಸ್ಟಿಕ್ಕಿನ ಬುಡ ಕೂರುವ ಪ್ಲಾಸ್ಟಿಕ್ ಬಟ್ಟಲು ಉಜ್ಜಿ ಉಜ್ಜಿ ಬಿಳಿ ಪುಡಿಯಾಗಿ ಉದುರುತ್ತದೆ, ಆಮೇಲೆ ಸ್ಟಿಕ್ ಸಡಿಲವಾಗಿ ವಾಲಾಡುತ್ತದೆ. ಕಮಾಡೋರ್ 64ರ ಸ್ಥಿತಿ ಇನ್ನೂ ನಾಜೂಕು. ಅದರ ಜಾಯ್‌ಸ್ಟಿಕ್ ಪೋರ್ಟಿನ ಪಿನ್‌ಗಳು ಹೆಚ್ಚಿನ ರಕ್ಷಣೆಯಿಲ್ಲದೆ 6526 ಸಿಐಎ ಎಂಬ ಚಿಪ್ಪಿಗೆ ಹೋಗಿ ಸೇರುವುದರಿಂದ, ಜಾಯ್‌ಸ್ಟಿಕ್ಕನ್ನು ಮತ್ತೆ ಮತ್ತೆ ಕಿತ್ತು ಸಿಕ್ಕಿಸುವಾಗ ಬೆರಳಿನ ಸ್ಥಿರ ವಿದ್ಯುತ್ತೇ ಆ ಚಿಪ್ಪನ್ನು ಸುಡಬಹುದು. ಆ ಚಿಪ್ಪಿನ ತಯಾರಿಕೆ ಎಂದೋ ನಿಂತಿದೆ. ಅಡಾಪ್ಟರನ್ನು ಒಮ್ಮೆ ಸಿಕ್ಕಿಸಿ ಅಲ್ಲಿಯೇ ಬಿಟ್ಟ ಮೇಲೆ ಆ ಪೋರ್ಟನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ ಎಂಬ ಒಂದು ಕಾರಣವೇ ನನಗೆ ಸಾಕಾಗಿತ್ತು.

ಅಡಾಪ್ಟರ್ ಮಾಡುವ ಕೆಲಸ ಯಂತ್ರದಿಂದ ಯಂತ್ರಕ್ಕೆ ಬಹಳ ಬೇರೆ. ಅಟಾರಿ 2600 (1977) ರೂಢಿಗೆ ತಂದ ಒಂಬತ್ತು ಪಿನ್ನಿನ ಪೋರ್ಟಿನಲ್ಲಿ ಮೊದಲ ನಾಲ್ಕು ಪಿನ್‌ಗಳು ಮೇಲೆ, ಕೆಳಗೆ, ಎಡ, ಬಲ ಎಂಬ ನಾಲ್ಕು ದಿಕ್ಕುಗಳು; ಆರನೆಯದು ಫೈರ್ ಬಟನ್; ಎಂಟನೆಯದು ಗ್ರೌಂಡ್. ಒಂದು ಪಿನ್ನನ್ನು ಗ್ರೌಂಡಿಗೆ ಸೇರಿಸಿದರೆ ಆ ದಿಕ್ಕಿಗೆ ಒತ್ತಿದಂತೆ, ಅಷ್ಟೇ. ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್ (ಮುಂದೆ ಬರಿಯ ನಿಂಟೆಂಡೊ ಎಂದರೆ ಇದೇ) ತನ್ನ ಎಂಟು ಬಟನ್‌ಗಳ ಸ್ಥಿತಿಯನ್ನು ಶಿಫ್ಟ್ ರಿಜಿಸ್ಟರ್ ಎಂಬ ಚಿಪ್ಪಿನ ಮೂಲಕ ಒಂದೊಂದಾಗಿ ಒಂದೇ ತಂತಿಯಲ್ಲಿ ಓದಿಕೊಳ್ಳುತ್ತದೆ. ನಿಂಟೆಂಡೊ 64ರಲ್ಲಿ ಪ್ರಶ್ನೆ ಮತ್ತು ಉತ್ತರ ಎರಡೂ ಒಂದೇ ತಂತಿಯ ಮೇಲೆ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಓಡಾಡುತ್ತವೆ. ಇನ್ನೊಂದು ತುದಿಯಲ್ಲಿ ಕಂಟ್ರೋಲರ್ ಬ್ಲೂಟೂತ್‌ನಲ್ಲಿ ತನ್ನದೇ ವೇಗಕ್ಕೆ ಮಾತನಾಡುತ್ತಿರುತ್ತದೆ. ಈ ಎರಡೂ ಲೋಕಗಳಿಗೆ ಏಕಕಾಲದಲ್ಲಿ ಕಿವಿಗೊಡುವ ಕೆಲಸವನ್ನು ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಮಾಡುವುದು ಇಎಸ್‌ಪಿ32 ಎಂಬ ಪುಟ್ಟ ಚಿಪ್. ನನ್ನ ಕನ್ಸೋಲ್‌ಗಳಲ್ಲಿರುವುದು ಅದರ ಮೇಲೆ ಓಡುವ ಬ್ಲೂರೆಟ್ರೊ ಎಂಬ ಮುಕ್ತ ತಂತ್ರಾಂಶ. ಕಮಾಡೋರ್ ಮತ್ತು ಅಮಿಗಾ ಎಂಬ ಕಂಪ್ಯೂಟರ್‌ಗಳೆರಡಕ್ಕೆ ಬ್ಲೂಪ್ಯಾಡ್32 ಎಂಬ ಇನ್ನೊಂದು ತಂತ್ರಾಂಶ ಆಧಾರಿತ ಅಡಾಪ್ಟರ್. ಸ್ವತಃ ಜೋಡಿಸಿಕೊಳ್ಳುವವರು ಚಿಪ್ಪಿನ ಮೂಲ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. ಎಸ್3 ಆವೃತ್ತಿಯಲ್ಲಿ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಮಾತ್ರ ಇದೆ, ಆದರೆ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್ ಮತ್ತು ಸ್ವಿಚ್ ಪ್ರೊ ಕಂಟ್ರೋಲರ್‌ಗಳು ಬಳಸುವುದು ಹಳೆಯ ಮಾದರಿಯ ಬ್ಲೂಟೂತ್.

ವಿಳಂಬದ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಈ ಯಂತ್ರಗಳ ಹೆಚ್ಚಿನ ಆಟಗಳು ಪ್ರತಿ ಫ್ರೇಮಿಗೆ ಒಮ್ಮೆ ಕಂಟ್ರೋಲರನ್ನು ಓದುತ್ತವೆ. ಸೆಕೆಂಡಿಗೆ 60 ಫ್ರೇಮ್ ಇರುವಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್, 50 ಇರುವಲ್ಲಿ 20. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಕ್ಯಾಮೆರಾದಲ್ಲಿ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಹಿಡಿದು, ವೈರಿನ ಪ್ಯಾಡ್ ಮತ್ತು ವೈರ್‌ಲೆಸ್ ಪ್ಯಾಡ್‌ಗಳನ್ನು ಹಲವು ಸಲ ಹೋಲಿಸಿ ನೋಡಿದೆ. ನನ್ನ ಉತ್ತಮ ಕಂಟ್ರೋಲರ್‌ನಲ್ಲಿ ವ್ಯತ್ಯಾಸ ಬಹುತೇಕ ಒಂದು ಫ್ರೇಮಿನ ಒಳಗೇ ಉಳಿಯಿತು. ಅದೇ ಯಂತ್ರವನ್ನು ಚಿತ್ರನಳಿಕೆಯ ಹಳೆಯ ಟಿವಿಯಿಂದ ಬಿಡಿಸಿ ಚಪ್ಪಟೆ ಟಿವಿಗೆ ಜೋಡಿಸಿದಾಗ, ಟಿವಿ ತನ್ನ ಚಿತ್ರ ಸಂಸ್ಕರಣೆಗೆ ತೆಗೆದುಕೊಂಡ ಸಮಯ ಕಂಟ್ರೋಲರ್‌ನ ಪಾಲಿಗಿಂತ ಸ್ಪಷ್ಟವಾಗಿ ಹೆಚ್ಚಾಗಿತ್ತು. ಆದ್ದರಿಂದ ವಿಳಂಬ ಕಡಿಮೆ ಮಾಡಬೇಕೆನ್ನುವವರು ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಲಿ. ಕಂಟ್ರೋಲರ್‌ನಿಂದ ಕಂಟ್ರೋಲರ್‌ಗೆ ವ್ಯತ್ಯಾಸ ಇರುವುದಂತೂ ಹೌದು. ಒಂದು ಮಾದರಿಯನ್ನು ನಾನು ಇದೇ ಕಾರಣಕ್ಕೆ ನಿಧಾನಗತಿಯ ಆಟಗಳಿಗೆ ಮಾತ್ರ ಎಂದು ಮೀಸಲಿಟ್ಟಿದ್ದೇನೆ.

ವಿದ್ಯುತ್ತಿನ ಪಾಠವನ್ನು ನಾನು ಕಷ್ಟಪಟ್ಟು ಕಲಿತೆ. ಕಮಾಡೋರ್ 64ರ ಜಾಯ್‌ಸ್ಟಿಕ್ ಪೋರ್ಟಿನ ಏಳನೆಯ ಪಿನ್ನಿನಲ್ಲಿ ಐದು ವೋಲ್ಟ್ ಸಿಗುತ್ತದೆಯಾದರೂ, ಅದರಿಂದ 50 ಮಿಲಿಆಂಪ್‌ಗಿಂತ ಹೆಚ್ಚು ಎಳೆಯಬಾರದೆಂದು ಯಂತ್ರದ ಪ್ರೋಗ್ರಾಮರ್ ಕೈಪಿಡಿಯೇ ಹೇಳುತ್ತದೆ. ಬ್ಲೂಟೂತ್ ನಡೆಸುತ್ತಿರುವ ಇಎಸ್‌ಪಿ32 ನೂರು ಮಿಲಿಆಂಪನ್ನು ಸುಲಭವಾಗಿ ದಾಟುತ್ತದೆ. ನಾನು ಮೊಟ್ಟಮೊದಲು ಕೊಂಡ ಅಡಾಪ್ಟರ್ ಈ ಲೆಕ್ಕವನ್ನು ಗಮನಿಸದೆ ಪೂರ್ತಿ ವಿದ್ಯುತ್ತನ್ನು ಪೋರ್ಟಿನಿಂದಲೇ ಪಡೆಯುತ್ತಿತ್ತು. ಮೊದಲ ವಾರ ಎಲ್ಲವೂ ಸರಿಯಾಗಿಯೇ ಇತ್ತು. ಎರಡನೆಯ ವಾರದಿಂದ, ಕಂಟ್ರೋಲರ್ ಪೇರ್ ಆಗುವ ಕ್ಷಣಕ್ಕೆ ಸರಿಯಾಗಿ ಯಂತ್ರ ತಾನಾಗಿ ರೀಸೆಟ್ ಆಗಲಾರಂಭಿಸಿತು. ನಲವತ್ತು ವರ್ಷ ಬಾಳಿದ ಬೋರ್ಡಿಗೆ ಅಷ್ಟು ಹೊರೆ ಹೊರಿಸಿದೆನಲ್ಲ ಎಂದು ನನಗೆ ಬಹಳ ಬೇಸರವಾಯಿತು. ಅಂದಿನಿಂದ ಕಂಪ್ಯೂಟರ್‌ಗಳೆರಡರ ಅಡಾಪ್ಟರ್‌ಗಳಿಗೂ ಪ್ರತ್ಯೇಕ ಯುಎಸ್‌ಬಿ ಚಾರ್ಜರಿನಿಂದಲೇ ವಿದ್ಯುತ್ ಕೊಡುತ್ತಿದ್ದೇನೆ. ಆ ರೀಸೆಟ್ ಮತ್ತೊಮ್ಮೆಯೂ ಆಗಿಲ್ಲ. ಯುಎಸ್‌ಬಿ ಸಂಪರ್ಕವೇ ಇಲ್ಲದ, ಪೋರ್ಟಿನಿಂದ ಎಷ್ಟು ಎಳೆಯುತ್ತದೆಂದು ಬರೆದೂ ಇಲ್ಲದ ಅಡಾಪ್ಟರನ್ನು ಹಳೆಯ ಕಂಪ್ಯೂಟರಿಗಾಗಿ ಯಾರೂ ಕೊಳ್ಳಬಾರದು.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಎಚ್ಚರಿಕೆ: ಪೋರ್ಟಿನ ಆಕಾರ ಒಂದೇ ಆದ ಮಾತ್ರಕ್ಕೆ ಒಳಗಿನ ಜೋಡಣೆ ಒಂದೇ ಆಗಿರುವುದಿಲ್ಲ. ಕಮಾಡೋರ್‌ನಲ್ಲಿ ಐದು ವೋಲ್ಟ್ ಇರುವುದು ಏಳನೆಯ ಪಿನ್ನಿನಲ್ಲಿ, ಮೆಗಾ ಡ್ರೈವ್‌ನಲ್ಲಿ ಐದನೆಯದರಲ್ಲಿ. ಎಂಎಸ್‌ಎಕ್ಸ್ ಕಂಪ್ಯೂಟರ್‌ಗಳಲ್ಲಿ ಗ್ರೌಂಡ್ ಎಂಟನೆಯ ಪಿನ್ನಿನ ಬದಲು ಒಂಬತ್ತನೆಯದು. ಒಂದು ಯಂತ್ರಕ್ಕೆಂದು ಮಾಡಿದ ಅಡಾಪ್ಟರನ್ನು ಇನ್ನೊಂದಕ್ಕೆ ಸಿಕ್ಕಿಸಿ ನೋಡುವ ಕುತೂಹಲ ಬೇಡ.

ಇನ್ನು ಬಟನ್‌ಗಳ ಹೊಂದಾಣಿಕೆ. ನಾಲ್ಕು ವರ್ಷಗಳಲ್ಲಿ ನನ್ನ ಹೆಚ್ಚಿನ ಸಮಯ ಹೋದದ್ದೂ, ಹೆಚ್ಚಿನ ಸಂತೋಷ ಸಿಕ್ಕಿದ್ದೂ ಇದರಲ್ಲಿಯೇ. ನಿಂಟೆಂಡೊದ ಮೂಲ ಪ್ಯಾಡಿನಲ್ಲಿ ಬಿ ಎಡಕ್ಕೆ, ಎ ಬಲಕ್ಕೆ, ಎರಡೂ ಒಂದೇ ಸಾಲಿನಲ್ಲಿವೆ. ಬಿ ಒತ್ತಿ ಹಿಡಿದು ಓಡುತ್ತಾ, ಹೆಬ್ಬೆರಳನ್ನು ಹಾಗೆಯೇ ಹೊರಳಿಸಿ ಎ ಒತ್ತಿ ಹಾರುವುದು ಆ ಕಾಲದ ಆಟಗಳ ಜೀವಾಳ. ಹೊಸ ಕಂಟ್ರೋಲರ್‌ನಲ್ಲಿ ನಾಲ್ಕು ಬಟನ್‌ಗಳು ವಜ್ರಾಕಾರದಲ್ಲಿರುತ್ತವೆ. ಬಹಳಷ್ಟು ಅಡಾಪ್ಟರ್‌ಗಳು ಮೊದಲೇ ಹೊಂದಿಸಿಕೊಟ್ಟಿರುವಂತೆ ಕೆಳಗಿನ ಬಟನ್ ಬಿ, ಬಲಗಡೆಯದು ಎ ಎಂದಿಟ್ಟುಕೊಂಡರೆ ಹೆಬ್ಬೆರಳು ಮೇಲ್ಮುಖವಾಗಿ ಹೊರಳಬೇಕಾಗುತ್ತದೆ. ಅದು ನನ್ನ ಕೈಗೆ ಎಂದೂ ಒಗ್ಗಲಿಲ್ಲ. ಎಡಗಡೆಯ ಬಟನ್ನನ್ನು ಬಿ ಎಂದೂ ಕೆಳಗಿನದನ್ನು ಎ ಎಂದೂ ಬದಲಾಯಿಸಿದ ದಿನ, ಹತ್ತೇ ನಿಮಿಷಗಳಲ್ಲಿ ಹಳೆಯ ಪಳಗಿದ ಕೈ ಹಿಂತಿರುಗಿತು. ಅಲ್ಲಿಯವರೆಗೆ ನಾನು ತಪ್ಪಿದ ಪ್ರತಿ ಜಿಗಿತಕ್ಕೂ ಬ್ಲೂಟೂತನ್ನೇ ದೂರುತ್ತಿದ್ದೆ. ಲ್ಯಾಗ್, ಅಂದರೆ ವಿಳಂಬ, ಇದೆ ಎಂದು ಹೇಳುವ ಎಷ್ಟೋ ಜನರ ಕೈಯಲ್ಲಿರುವುದು ಹೊಂದಿಕೆಯಾಗದ ಬಟನ್‌ಗಳಿರಬಹುದು ಎಂಬ ಅನುಮಾನ ನನಗೆ ಬಂದದ್ದು ಆಗ.

ಕಮಾಡೋರ್ 64ರಲ್ಲಿ ಈ ಹೊಂದಾಣಿಕೆ ಮೂಲಕ್ಕಿಂತಲೂ ಉತ್ತಮವಾದ ಅನುಭವವನ್ನೇ ಕೊಟ್ಟಿತು. ಅದರ ಜಾಯ್‌ಸ್ಟಿಕ್ಕಿಗೆ ಒಂದೇ ಬಟನ್ ಇರುವುದರಿಂದ ಹೆಚ್ಚಿನ ಆಟಗಳಲ್ಲಿ ಹಾರಬೇಕಾದರೆ ಸ್ಟಿಕ್ಕನ್ನು ಮೇಲಕ್ಕೆ ತಳ್ಳಬೇಕು. ಹೊಸ ಕಂಟ್ರೋಲರ್‌ನ ಎರಡನೆಯ ಬಟನ್ನನ್ನು 'ಮೇಲೆ' ದಿಕ್ಕಿಗೆ ಹೊಂದಿಸಿದರೆ, ಆಟದ ಒಂದಕ್ಷರವನ್ನೂ ಬದಲಿಸದೆ ಹಾರಲು ಒಂದು ಬಟನ್ ಸಿಕ್ಕಂತಾಗುತ್ತದೆ. ಚಿಕ್ಕಂದಿನಲ್ಲಿ ದಾಟಲಾಗದೆ ಬಿಟ್ಟಿದ್ದ ಹಂತಗಳನ್ನು ನಾನು ಇದರಿಂದಲೇ ದಾಟಿದೆ. ಆದರೆ ಇದೇ ಯಂತ್ರದಲ್ಲಿ ಒಂದು ವಿಚಿತ್ರವನ್ನೂ ಕಂಡೆ. ಒಂದನೆಯ ಪೋರ್ಟ್ ಕೀಬೋರ್ಡಿನ ಜೊತೆ ತಂತಿಗಳನ್ನು ಹಂಚಿಕೊಳ್ಳುವುದರಿಂದ, ಅಲ್ಲಿ ಜಾಯ್‌ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಯಂತ್ರಕ್ಕೆ 2 ಎಂಬ ಕೀಲಿ ಒತ್ತಿದಂತೆ, ಫೈರ್ ಒತ್ತಿದರೆ ಸ್ಪೇಸ್ ಒತ್ತಿದಂತೆ ಕಾಣುತ್ತದೆ. ಒಂದು ದಿನ ನಾನು ಬೇಸಿಕ್ ಪ್ರೋಗ್ರಾಂ ಬರೆಯುತ್ತಿದ್ದಾಗ ಪರದೆಯ ತುಂಬ ತಾವಾಗಿಯೇ 2ಗಳು ಮೂಡತೊಡಗಿದವು. ಕೀಬೋರ್ಡ್ ಕೆಟ್ಟಿತೆಂದು ಬಿಚ್ಚಲು ಹೊರಟವನಿಗೆ, ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ಕಂಟ್ರೋಲರ್‌ನ ಎಡ ಅನಲಾಗ್ ಸ್ಟಿಕ್ ಸವೆದು ಬಲಕ್ಕೆ ಜಾರುತ್ತಿದೆಯೆಂದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಸ್ಟಿಕ್ಕಿನ ಡೆಡ್‌ಝೋನ್, ಅಂದರೆ ನಡುವೆ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗವನ್ನು ಹಿಗ್ಗಿಸಿದ ಮೇಲೆ ಅದು ನಿಂತಿತು.

ಡಿ-ಪ್ಯಾಡ್ (ದಿಕ್ಕು ತೋರಿಸುವ ಕೂಡು ಚಿಹ್ನೆಯಾಕಾರದ ಬಟನ್) ಮತ್ತು ಅನಲಾಗ್ ಸ್ಟಿಕ್ ಎರಡಕ್ಕೂ ದಿಕ್ಕುಗಳನ್ನು ಹೊಂದಿಸುವವರು ಒಂದು ಮಾತನ್ನು ನೆನಪಿಡಬೇಕು. ಹಳೆಯ ಪ್ಯಾಡಿನಲ್ಲಿ ಎಡ ಮತ್ತು ಬಲವನ್ನು ಒಟ್ಟಿಗೆ ಒತ್ತಲು ಆಗುವುದೇ ಇಲ್ಲ. ಹೀಗೆ ಹೊಂದಿಸಿದಾಗ ಆಗುತ್ತದೆ. ಆಟ ಬರೆದವರು ಊಹಿಸದ ಆ ಸ್ಥಿತಿಯಲ್ಲಿ ಕೆಲವು ಆಟಗಳು ತಪ್ಪಾಗಿ ವರ್ತಿಸುತ್ತವೆ. ನಾನು ದಿಕ್ಕಿಗೆ ಡಿ-ಪ್ಯಾಡ್ ಮಾತ್ರ ಇಟ್ಟುಕೊಂಡಿದ್ದೇನೆ.

ಮೆಗಾ ಡ್ರೈವ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಚೆನ್ನಾಗಿಯೇ ನಡೆದಿದೆ. ಅಡಾಪ್ಟರ್ ಆರು ಬಟನ್ನಿನ ಪ್ಯಾಡ್ ಎಂದು ತೋರಿಸಿಕೊಂಡಾಗ ಕೆಲವು ಆರಂಭದ ಆಟಗಳು ಗೊಂದಲಗೊಳ್ಳುತ್ತವೆ. ಸೆಗಾದ ಅಸಲಿ ಆರು ಬಟನ್ನಿನ ಪ್ಯಾಡಿಗೂ ಇದೇ ತೊಂದರೆ ಇತ್ತು. ಮೋಡ್ ಬಟನ್ ಒತ್ತಿಹಿಡಿದು ಯಂತ್ರ ಹಚ್ಚಿದರೆ ಅದು ಮೂರು ಬಟನ್ನಿನ ಪ್ಯಾಡಿನಂತೆ ನಡೆದುಕೊಳ್ಳುತ್ತಿತ್ತು. ಅಡಾಪ್ಟರ್‌ನಲ್ಲಿಯೂ ಮೂರು ಬಟನ್ನಿನ ಆಯ್ಕೆ ಇದೆಯೇ ಎಂದು ನೋಡಿ ಕೊಳ್ಳುವುದು ಒಳ್ಳೆಯದು.

ನಿಂಟೆಂಡೊ 64 ನನ್ನನ್ನು ಅತಿ ಹೆಚ್ಚು ಸತಾಯಿಸಿದ ಯಂತ್ರ. ಅದರ ಸ್ಟಿಕ್ ಯಂತ್ರಕ್ಕೆ ಕಳಿಸುವ ಅಂಕಿ ಸೈದ್ಧಾಂತಿಕವಾಗಿ 127ರವರೆಗೆ ಹೋಗಬಹುದಾದರೂ, ಅಸಲಿ ಸ್ಟಿಕ್ ಪೂರ್ತಿ ತಳ್ಳಿದಾಗ ತಲುಪುವುದು ಸುಮಾರು 80ನ್ನು. ಆಟಗಳನ್ನು ಹದಗೊಳಿಸಿದ್ದು ಆ 80ಕ್ಕೆ. ಹೊಸ ಸ್ಟಿಕ್ಕಿನ ಪೂರ್ಣ ವ್ಯಾಪ್ತಿಯನ್ನು ಹಾಗೆಯೇ ಕಳಿಸಿದರೆ ಸ್ವಲ್ಪ ತಳ್ಳಿದರೂ ಪಾತ್ರ ಓಡತೊಡಗುತ್ತದೆ, ಮೆಲ್ಲನೆ ಹೆಜ್ಜೆಯಿಡುವುದು ಸಾಧ್ಯವಾಗುವುದಿಲ್ಲ, ಗುರಿಯಿಡುವ ಆಟಗಳಲ್ಲಿ ಗುರಿ ಹಾರಿಹೋಗುತ್ತದೆ. ಇದಲ್ಲದೆ ಅಸಲಿ ಸ್ಟಿಕ್ಕಿನ ಸುತ್ತ ಅಷ್ಟಕೋನದ ಕಟ್ಟು ಇದ್ದು, ಓರೆ ದಿಕ್ಕುಗಳಲ್ಲಿ ಸ್ಟಿಕ್ ಆ ಮೂಲೆಗಳಿಗೆ ಹೋಗಿ ಕೂರುತ್ತಿತ್ತು. ಹೊಸದರಲ್ಲಿ ವೃತ್ತಾಕಾರದ ಕಟ್ಟು. ವ್ಯಾಪ್ತಿಯನ್ನು ತಗ್ಗಿಸಿ, ಓರೆ ದಿಕ್ಕುಗಳನ್ನು ಸ್ವಲ್ಪ ಹಿಗ್ಗಿಸಿ ಹದ ಕಂಡುಕೊಳ್ಳಲು ನನಗೆ ಮೂರು ಸಂಜೆ ಬೇಕಾಯಿತು. ಇಷ್ಟಾದರೂ ಆ ಮೂಲೆಗಳು ಬೆರಳಿಗೆ ಕೊಡುತ್ತಿದ್ದ ಭರವಸೆಯನ್ನು ಯಾವ ತಂತ್ರಾಂಶವೂ ಕೊಡಲಾರದು. ಇದಕ್ಕೆ ಪ್ರತಿಯಾಗಿ ಒಂದು ನಿಜವಾದ ಲಾಭವಿದೆ: ಆಟ ಉಳಿಸುವ 32 ಕಿಲೊಬೈಟ್‌ಗಳ ಕಂಟ್ರೋಲರ್ ಪ್ಯಾಕ್ ಮತ್ತು ಕೈ ನಡುಗಿಸುವ ರಂಬಲ್ ಪ್ಯಾಕ್ ಎರಡರ ಕೆಲಸವನ್ನೂ ಅಡಾಪ್ಟರೇ ಮಾಡುತ್ತದೆ.

ಆಗದ ಕೆಲಸಗಳನ್ನೂ ಹೇಳಬೇಕು. ಲೈಟ್ ಗನ್ ಚಿತ್ರನಳಿಕೆಯ ಟಿವಿಯ ಬೆಳಕನ್ನೇ ನೋಡಿ ಗುರಿ ತಿಳಿಯುವ ಸಾಧನವಾದ್ದರಿಂದ ಅದಕ್ಕೆ ಇಲ್ಲಿ ಬದಲಿ ಇಲ್ಲ. ಪ್ಯಾಡಲ್ ಆಟಗಳೂ ಹಾಗೆಯೇ. ಪ್ಯಾಡಲ್ಲಿನ ಗುಬುಟನ್ನು ತಿರುಗಿಸಿ ಬಿಟ್ಟರೆ ಅದು ಬಿಟ್ಟಲ್ಲಿಯೇ ನಿಲ್ಲುತ್ತದೆ, ಅನಲಾಗ್ ಸ್ಟಿಕ್ ಬಿಟ್ಟ ಕೂಡಲೇ ನಡುವಿಗೆ ಜಿಗಿಯುತ್ತದೆ. ಆಟದ ಸ್ವಭಾವವೇ ಬದಲಾಗಿಬಿಡುತ್ತದೆ. ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲ್ ಇರುವವರಿಗೆ ಕಂಟ್ರೋಲರ್‌ನೊಳಗೇ ಕೂರುತ್ತಿದ್ದ ವಿಎಂಯು ಎಂಬ ಮೆಮೊರಿ ಸಾಧನದ ಆ ಪುಟ್ಟ ಪರದೆ ಕೈಯಲ್ಲಿ ಇರುವುದಿಲ್ಲ. ಇವಕ್ಕಾಗಿ ಅಸಲಿ ಸಾಧನಗಳನ್ನು ಒರೆಸಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ದಿನನಿತ್ಯದ ಬಳಕೆಯಲ್ಲಿ ಬೇಸರ ತರುವುದು ಪೇರಿಂಗ್. ಹೆಚ್ಚಿನ ಕಂಟ್ರೋಲರ್‌ಗಳು ಕೊನೆಯದಾಗಿ ಸೇರಿದ ಒಂದೇ ಯಂತ್ರವನ್ನು ನೆನಪಿಡುವುದರಿಂದ, ಅಮಿಗಾದಿಂದ ನಿಂಟೆಂಡೊಗೆ ಹೋಗುವಾಗಲೆಲ್ಲ ಮತ್ತೆ ಪೇರ್ ಮಾಡಬೇಕು. ಕೊನೆಗೆ ನಾನು ಕಂಪ್ಯೂಟರ್‌ಗಳಿಗೊಂದು, ಕನ್ಸೋಲ್‌ಗಳಿಗೊಂದು ಎಂದು ಎರಡು ಕಂಟ್ರೋಲರ್ ಇಟ್ಟುಕೊಂಡೆ. ಅಮಿಗಾ 500ರ ಪೋರ್ಟ್‌ಗಳು ಹಿಂಬದಿಯಲ್ಲಿದ್ದು, ಅಡಾಪ್ಟರ್ ಯಂತ್ರದ ಲೋಹದ ಕವಚದ ಮರೆಯಲ್ಲಿ ಕೂರುತ್ತಿದ್ದುದರಿಂದ ಮೊದಮೊದಲು ಸಂಪರ್ಕ ಆಗಾಗ ತುಂಡಾಗುತ್ತಿತ್ತು. ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಮೇಜಿನ ಮೇಲೆ ತಂದಿಟ್ಟ ಮೇಲೆ ಒಮ್ಮೆಯೂ ಹಾಗಾಗಿಲ್ಲ. ಬ್ಯಾಟರಿಯ ವಿಷಯದಲ್ಲಿ, ಒಳಗೇ ಮುಚ್ಚಿಟ್ಟ ಲಿಥಿಯಂ ಬ್ಯಾಟರಿಗಿಂತ ಎರಡು ಎಎ ಸೆಲ್ ಹಾಕುವ ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರ್ ನನಗೆ ಹೆಚ್ಚು ಇಷ್ಟ; ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ಸೆಲ್ ಬದಲಾಯಿಸಿದರೆ ಆಯಿತು.

ಕಳೆದ ವರ್ಷ ಫರ್ಮ್‌ವೇರ್, ಅಂದರೆ ಅಡಾಪ್ಟರ್‌ನ ಒಳಗಿನ ತಂತ್ರಾಂಶ, ಹೊಸದು ಮಾಡಿದಾಗ ನನ್ನ ಹೊಂದಾಣಿಕೆಗಳೆಲ್ಲ ಅಳಿಸಿಹೋದವು, ನಿಂಟೆಂಡೊ 64ರ ಮೂರು ಸಂಜೆಗಳ ಕೆಲಸವೂ ಸೇರಿ. ಈಗ ಪ್ರತಿ ಯಂತ್ರದ ಅಡಿಯಲ್ಲಿ ಒಂದು ಚೀಟಿ ಇದೆ: ಯಾವ ಬಟನ್ ಯಾವುದಕ್ಕೆ, ಸ್ಟಿಕ್ಕಿನ ವ್ಯಾಪ್ತಿ ಎಷ್ಟು, ಡೆಡ್‌ಝೋನ್ ಎಷ್ಟು, ಫರ್ಮ್‌ವೇರ್ ಆವೃತ್ತಿ ಯಾವುದು ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.