ಮನೆ ಖಾತೆ ಅಮ್ಮನ ಹೆಸರಲ್ಲಿದೆ ಅಂತ ಅಡ್ವಾನ್ಸ್ ಇಸ್ಕೋಬೇಡಿ!

ತೀರ್ಕೊಂಡೋರ ಹೆಸರಲ್ಲಿದ್ದ ಮನೆ ಮಾರೋಕೆ ಹೊರಟಿದ್ರೆ ದಯವಿಟ್ಟು ಓದಿ. ದಾವಣಗೆರೆಲಿ ನಮ್ಮಪ್ಪ ಸ್ವಂತ ದುಡಿಮೇಲಿ ಕಟ್ಸಿದ ಮನೆ, 2019ರಲ್ಲಿ ಅಪ್ಪ ಹೋದ್ರು, ವಿಲ್ಲು ಗಿಲ್ಲು ಏನೂ ಇಲ್ಲ. ಖಾತೆ ಅಮ್ಮನ ಹೆಸರಿಗಾಯ್ತು, ವಂಶವೃಕ್ಷದಲ್ಲಿ ಅಮ್ಮ, ಅಣ್ಣ, ನಾನು ಇಷ್ಟೇ. ಬ್ರೋಕರ್ ಅಂತೂ "ಮೂರ್ ಜನ ಸಹಿ ಹಾಕಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ ಮೇಡಂ" ಅಂತ ಅಗ್ರಿಮೆಂಟ್ ಮಾಡ್ಸೇ ಬಿಟ್ಟ, ಅದ್ರಲ್ಲಿ ನಾವು ತಪ್ಪಿದ್ರೆ ಅಡ್ವಾನ್ಸಿನ ಡಬಲ್ ವಾಪಸ್ ಅಂತ ಒಂದು ಸಾಲು ಬೇರೆ.

ತಗೊಳ್ಳೋರ ಬ್ಯಾಂಕ್ ಲಾಯರ್ರು ಕಾಗದ ಎಲ್ಲಾ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ನಿಮ್ಮ ತಂದೆ ತೀರ್ಕೊಂಡಾಗ ಅವರ ತಾಯಿ ಇದ್ರಾ?"

ಇದ್ರು. ಅಜ್ಜಿ ಹೋಗಿದ್ದು 2021ರಲ್ಲಿ.

ಅಲ್ಲಿಗೆ ಲೋನ್ ನಿಂತೋಯ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಬರೀದೆ ಹೋದ್ರೆ ಹೆಂಡ್ತಿ ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು ಅಂತೆ (ತಂದೆಗೆ ಇಲ್ಲ, ಅದ್ಯಾಕೋ). ಹಂಗಾಗಿ ಅಜ್ಜಿಗೆ ನಾಲ್ಕರಲ್ಲಿ ಒಂದು ಪಾಲು ಬಂತು, ಅವರೂ ವಿಲ್ ಬರೀದೇ ಹೋದ್ರಿಂದ ಅದು ಚಿಕ್ಕಪ್ಪನಿಗೆ, ಇಬ್ಬರು ಅತ್ತೆಯರಿಗೆ, ಅಪ್ಪನ ಲೆಕ್ಕದಲ್ಲಿ ನನಗೂ ಅಣ್ಣನಿಗೂ ಹಂಚೋಯ್ತು. ಅಂದ್ರೆ ಮನೆಯಲ್ಲಿ 16ರಲ್ಲಿ 3 ಪಾಲು ಚಿಕ್ಕಪ್ಪ, ಅತ್ತೆಯರ್ದು! ಖಾತೆ ಬರೀ ತೆರಿಗೆ ಕಟ್ಟೋಕೆ, ಹಕ್ಕು ಅದರಿಂದ ಬರಲ್ಲ. ವಂಶವೃಕ್ಷ ಮಾಡ್ಸೋ ಹೊತ್ತಿಗೆ ಅಜ್ಜಿ ಇರ್ಲಿಲ್ಲ ಅಂತ ಅವರ ಹೆಸರೇ ಬಿಟ್ಟಿದ್ರು.

ಅತ್ತೆಯರು ಪಾಪ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡ್ಕೊಟ್ರು. ಚಿಕ್ಕಪ್ಪ ಮಾತ್ರ "ನಮ್ಮಮ್ಮನ ಪಾಲು, ಸುಮ್ನೆ ಯಾಕ್ ಬಿಡ್ಲಿ" ಅಂದ್ರು, ನಿಜ ಹೇಳ್ಬೇಕಂದ್ರೆ ಅವರು ಕೇಳಿದ್ದು ತಪ್ಪೇನಲ್ಲ, ಆದ್ರೆ ಮನೆ ತಗೊಳ್ಳೋರ ಕಡೆಯಿಂದ ಡಬಲ್ ಅಡ್ವಾನ್ಸ್ ಕೊಡಿ ಅಂತ ಲೀಗಲ್ ನೋಟಿಸ್ ಬಂದು ಕೂತಿತ್ತು, ಕೊನೆಗೆ ರೇಟ್ ಇಳಿಸಿ, ಚಿಕ್ಕಪ್ಪನಿಗೂ ದುಡ್ಡು ಕೊಟ್ಟು ರಿಜಿಸ್ಟ್ರೇಷನ್ ಮುಗಿಸಿದ್ವಿ. ಬ್ರೋಕರ್ ಕಮಿಷನ್ ಮಾತ್ರ ಒಂದ್ರೂಪಾಯಿ ಬಿಡ್ಲಿಲ್ಲ.

ಅದಕ್ಕೇ ಅಗ್ರಿಮೆಂಟಿಗೆ ಮುಂಚೆ ನಿಮ್ಮದೇ ಲಾಯರ್ ಹತ್ರ, ಮಾಲೀಕರು ತೀರ್ಕೊಂಡ ದಿನ ಬದುಕಿದ್ದ ಎಲ್ಲರ ಹೆಸರೂ ಬರ್ದು ತೋರ್ಸಿ, ಅವರಿಗಿಂತ ಮುಂಚೆ ಹೋದ ಮಗ-ಮಗಳ ಮಕ್ಕಳನ್ನೂ ಸೇರ್ಸಿ. ಮೈನರ್ ಪಾಲಿದ್ರೆ ಕೋರ್ಟ್ ಪರ್ಮಿಷನ್ ಬೇಕಾಗ್ಬಹುದು, ಕೇಳ್ಕೊಳ್ಳಿ. ಇನ್ನೊಂದು, ನಮ್ಮ ಬ್ರೋಕರ್ ಸಕ್ಸೆಷನ್ ಸರ್ಟಿಫಿಕೇಟ್ (ಕೋರ್ಟ್ ಕೊಡೋ ವಾರಸುದಾರಿಕೆ ಪತ್ರ) ಮಾಡಿಸ್ಕೊಡ್ತೀನಿ ಅಂತಾನೂ ದುಡ್ಡು ಕೇಳಿದ್ದ, ಅದು ಬ್ಯಾಂಕ್ ಡಿಪಾಸಿಟ್ಟು, ಷೇರು ಅಂಥದ್ದಕ್ಕೆ, ಮನೆಗಲ್ಲ.